ಮೇಲ್ಕಂಡ ಕಾರಣಗಳಿಗಾಗಿ

ಮಾರ್ಚ್ 4, ಮಂಗಳವಾರ

ಈ ಡೈರಿ ಇವರು ಕೊಟ್ಟದ್ದು. ಇವರು ಎಂದರೆ ನನ್ನ ಗಂಡ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ, ಈಗ ಮನೆಯಲ್ಲಿ ಕೂತು ಔಷಧಿ ಬಾಟಲಿಯ ಚೀಟಿಯನ್ನೂ ಬಿಡದೆ ತಿದ್ದುವವರು. ಒಂದೇ ವಾರದಲ್ಲಿ ಎರಡು ಗುರುವಾರ ಅಚ್ಚಾಗಿ ಮಾರಾಟವಾಗದೆ ಉಳಿದ ಡೈರಿಗಳಲ್ಲಿ ಇದೂ ಒಂದಂತೆ. "ನನ್ನ ಮೇಲೆ ಕೂಗಾಡೋದನ್ನೆಲ್ಲ ಇದರಲ್ಲಿ ಬರಿ. ಕಾಗದಕ್ಕೆ ಕಿವಿ ಇಲ್ಲ, ನನಗಿದೆ" ಅಂದರು. ಸರಿ, ಬರೆಯುತ್ತೇನೆ. ದಿನಾಂಕ ಮಾತ್ರ ನಾನೇ ಹಾಕಿಕೊಳ್ಳುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಪಾಠ ಮುಗಿಸಿ ಕಾರು ನಿಲ್ಲಿಸುತ್ತಿದ್ದಾಗ ರಿಜಿಸ್ಟರ್ಡ್ ಪೋಸ್ಟ್ ಬಂತು. ಪರವಾನಗಿ ಕಚೇರಿಯಿಂದ, ಒಂದೇ ಹಾಳೆ. ಮೇಲೆ ಕಚೇರಿಯ ಹೆಸರು, ಒಂದು ಉದ್ದನೆಯ ಸಂಖ್ಯೆ, ನನ್ನ ವಿಳಾಸ. ವಿಷಯ: ಚಾಲನಾ ತರಬೇತಿ ಪರವಾನಗಿ. ಉಲ್ಲೇಖ: ಸ್ವೀಕೃತ ದೂರು. ಅದರ ಕೆಳಗೆ ಒಂದೇ ವಾಕ್ಯ: "ಮೇಲ್ಕಂಡ ಕಾರಣಗಳಿಗಾಗಿ ತಮ್ಮ ತರಬೇತಿ ಪರವಾನಗಿಯನ್ನು ಈ ದಿನದಿಂದ ರದ್ದುಪಡಿಸಲಾಗಿದೆ."

ಇಪ್ಪತ್ತೆರಡು ವರ್ಷದಿಂದ ಈ ಊರಿಗೆ ಕಾರು ಓಡಿಸುವುದನ್ನು ಕಲಿಸಿದ್ದೇನೆ. ಬೆನ್ನ ಹಿಂದೆ ನನ್ನನ್ನು ಬ್ರೇಕಮ್ಮ ಅನ್ನುತ್ತಾರೆ ಅಂತ ಗೊತ್ತು, ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ಪಕ್ಕದ ಸೀಟಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇದೆ, ಅದನ್ನು ನಾನು ಒತ್ತಬೇಕಾದಾಗ ಒತ್ತಿದ್ದೇನೆ. ನನ್ನ ಕೈಯಲ್ಲಿ ಕಲಿತ ಯಾರೊಬ್ಬರೂ ಒಂದು ಬೆಕ್ಕಿನ ಬಾಲವನ್ನೂ ತುಳಿದಿಲ್ಲ. ನನ್ನ ಪರವಾನಗಿ ರದ್ದು! ಮೈಯೆಲ್ಲ ಉರಿಯುತ್ತಿದೆ.

ಇವರು ಹಾಳೆ ತೆಗೆದುಕೊಂಡು ಓದಿದರು. ನನಗೆ ಸಮಾಧಾನ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದರೆ ಇವರು ಕಿವಿ ಮೇಲಿನ ಕೆಂಪು ಪೆನ್ಸಿಲ್ ತೆಗೆದು, 'ಮೇಲ್ಕಂಡ' ಅನ್ನುವುದರ ಸುತ್ತ ಒಂದು ಸುತ್ತು ಹಾಕಿ, ಅಂಚಿನಲ್ಲಿ 'ಎಲ್ಲಿ?' ಎಂದು ಬರೆದುಬಿಟ್ಟರು. ಅಸಲಿ ಕಾಗದದ ಮೇಲೆ! ಅಭ್ಯಾಸವಂತೆ. ಇವರಿಗೆ ಬೈದದ್ದನ್ನು ಇಲ್ಲಿ ಬರೆದರೆ ಡೈರಿ ಇವತ್ತೇ ಮುಗಿಯುತ್ತದೆ.

ಮಾರ್ಚ್ 5, ಬುಧವಾರ

ಪರವಾನಗಿ ಕಚೇರಿಗೆ ಹೋದೆ. ಮೂರನೇ ಕಿಟಕಿಯಲ್ಲಿದ್ದ ಗುಮಾಸ್ತೆ ಹಾಳೆ ನೋಡಿದವಳೇ, "ಆಫೀಸ್ ಕಾಗದದ ಮೇಲೆ ಯಾರ್ರೀ ಗೀಚಿದ್ದು?" ಅಂದಳು. ದೂರು ಯಾರದ್ದು, ಏನಂತೆ ಎಂದು ಕೇಳಿದೆ.

"ಅದನ್ನ ಹೇಳೋಕೆ ಬರಲ್ಲ ಮೇಡಂ."

"ನನ್ನ ತಪ್ಪೇನು ಅಂತಾದ್ರೂ ಹೇಳಿ."

"ಆದೇಶದಲ್ಲೇ ಇದೆಯಲ್ಲ, ಓದ್ಕೊಳ್ಳಿ. ಒಪ್ಪಿಗೆ ಇಲ್ಲದಿದ್ರೆ ಮೂವತ್ತು ದಿನದೊಳಗೆ ಮೇಲಿನ ಸಾಹೇಬರಿಗೆ ಮೇಲ್ಮನವಿ ಕೊಡಿ. ಎರಡನೇ ಮಹಡಿ."

ಮನೆಗೆ ಬಂದು ಯಾರಿರಬಹುದು ಎಂದು ಯೋಚಿಸಿದೆ. ಎದುರು ರಸ್ತೆಯ ಡ್ರೈವಿಂಗ್ ಸ್ಕೂಲಿನವನೇ ಇರಬೇಕು, ಅವನಿಗೆ ನನ್ನ ಮೇಲೆ ಮೊದಲಿಂದಲೂ ಹೊಟ್ಟೆ ಉರಿ. ಇಲ್ಲವಾದರೆ ಆ ಹಲ್ಲಿನ ಡಾಕ್ಟರು, ಹೋದ ವರ್ಷ ಅವರನ್ನು ನಡುರಸ್ತೆಯಲ್ಲಿ ಇಳಿಸಿ ಮನೆಗೆ ನಡೆಸಿದ್ದೆ. ಡಿಸೆಂಬರಿನಲ್ಲಿ ಬಿಟ್ಟುಹೋದ ಲೈಬ್ರರಿಯ ಹೆಂಗಸಂತೂ ಅಲ್ಲ. ಇರುವೆಗೂ ದಾರಿ ಬಿಟ್ಟು ನಿಲ್ಲುವ ಜೀವ ಅದು, ಅಷ್ಟು ಪಾಠದಲ್ಲಿ ಒಂದು ದಿನವೂ ದನಿ ಎತ್ತಲಿಲ್ಲ.

ಮಗಳು ಆಸ್ಪತ್ರೆಯಿಂದ ಬಂದಳು. ನರ್ಸ್ ಕೆಲಸ, ಎರಡು ಬಸ್ಸು ಬದಲಿಸಿ ಬರಬೇಕು. "ಅಮ್ಮ, ಕಾರು ಹೇಗೂ ಸುಮ್ಮನೆ ನಿಂತಿರುತ್ತಲ್ಲ, ನಾನು ತಗೊಂಡು ಹೋಗ್ಲಾ?" ಅಂದಳು. ಬೇಡ ಅಂದೆ. ಯಾಕೆ ಅಂದಳು. "ನಂಗೊತ್ತು, ಅಷ್ಟೆ" ಅಂದೆ. ಮನೆಯೇ ಹೊತ್ತಿಕೊಂಡು ಉರಿಯುತ್ತಿರುವಾಗ ಇವಳಿಗೆ ಕಾರು ಬೇಕಂತೆ.

ಮಾರ್ಚ್ 12, ಬುಧವಾರ

ಮೇಲ್ಮನವಿ ಕೊಟ್ಟೆ. ಒಂಬತ್ತು ಪುಟ. ಹಾರ್ನ್ ಜಾಸ್ತಿ ಹೊಡೆಯುತ್ತೇನೆ ಎಂದಿದ್ದರೆ ಅದಕ್ಕೆ ಉತ್ತರ, ಕೂಗುತ್ತೇನೆ ಎಂದಿದ್ದರೆ ಅದಕ್ಕೆ ಉತ್ತರ, ಹಲ್ಲಿನ ಡಾಕ್ಟರ ವಿಷಯಕ್ಕೆ ಒಂದೂವರೆ ಪುಟ. ಕಣ್ಣು ಕಾಣುವುದಿಲ್ಲ ಅಂದಿದ್ದರೆ ಇರಲಿ ಅಂತ ಕನ್ನಡಕದ ಚೀಟಿಯನ್ನೂ ಲಗತ್ತಿಸಿದೆ. ಇವರು ಕಾಗುಣಿತ ತಿದ್ದಿಕೊಟ್ಟರು. ಕೊಡುವಾಗ, "ಇಷ್ಟೊಂದು ತಪ್ಪು ಮಾಡಿದ್ದೀಯ ಅಂತ ನನಗೇ ಗೊತ್ತಿರಲಿಲ್ಲ ಕಣೇ" ಅಂದರು. ಒಂದು ದಿನ ಮಾತು ಬಿಟ್ಟೆ.

ಕಲಿಯುತ್ತಿದ್ದ ಮೂವರೂ ಎದುರು ರಸ್ತೆಯ ಸ್ಕೂಲಿಗೆ ಹೋದರು. ನನ್ನ ಕಣ್ಣೆದುರಿಗೇ.

ಏಪ್ರಿಲ್ 11, ಶುಕ್ರವಾರ

ಮೇಲಿನ ಸಾಹೇಬರ ಉತ್ತರ ಬಂತು. ಒಂಬತ್ತು ಪುಟಕ್ಕೆ ಎರಡು ಸಾಲು. "ತಮ್ಮ ಮೇಲ್ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಮೂಲ ಆದೇಶದಲ್ಲಿ ಮಧ್ಯಪ್ರವೇಶಿಸಲು ಯಾವುದೇ ಕಾರಣ ಕಂಡುಬಂದಿಲ್ಲ."

"ನೋಡು, ಅವರಿಗೂ ಕಾರಣ ಕಂಡಿಲ್ಲ" ಅಂದರು ಇವರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತುಬಿಟ್ಟೆ. ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ.

ಏಪ್ರಿಲ್ 15, ಮಂಗಳವಾರ

ಮಗಳು ಒಬ್ಬ ವಕೀಲನನ್ನು ಹುಡುಕಿದ್ದಾಳೆ. ಇಂಥ ಕೇಸುಗಳೇ ಅವನ ಕಸುಬಂತೆ, ಕಚೇರಿಗಳ ಆದೇಶದ ಮೇಲೆ ಕೋರ್ಟಿಗೆ ಹೋಗುವುದು. ಒಳಗೆ ಕಾಲಿಟ್ಟರೆ ಯಾರು? ಡ್ರಮ್ಮು! ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರ ಕಲಿಯಲು ಬಂದು, ಹಿಂದಕ್ಕೆ ತೆಗೆಯುವಾಗ ರಸ್ತೆ ರಿಪೇರಿಯವರ ಡಾಂಬರು ಡ್ರಮ್ಮಿಗೆ ಮೂರು ಸಲ ಗುದ್ದಿದವನು. ಮೂರು ಸಲವೂ ಅದೇ ಡ್ರಮ್ಮು. ನನ್ನ ಪರವಾನಗಿ ಉಳಿಸುವುದು ಇವನ ಕೈಯಲ್ಲಿದೆ ಅಂದರೆ ನನ್ನ ಗ್ರಹಚಾರ.

ಜೊತೆಗೆ ಆಲ್ಬಂ ಒಯ್ದಿದ್ದೆ, ಇಪ್ಪತ್ತೆರಡು ವರ್ಷದಲ್ಲಿ ಪಾಸಾದವರ ಫೋಟೊಗಳು, ಅವರು ಬರೆದುಕೊಟ್ಟ ಚೀಟಿಗಳು. ಡ್ರಮ್ಮು ಎರಡು ಪುಟ ತಿರುವಿ ಮುಚ್ಚಿದ.

"ಮೇಡಂ, ಇದು ಬೇಕಾಗಲ್ಲ."

"ಬೇಕಾಗಲ್ಲ ಅಂದ್ರೆ? ನಾನೆಂಥ ಟೀಚರು ಅಂತ ಜಡ್ಜಿಗೆ ಗೊತ್ತಾಗೋದು ಬೇಡ್ವಾ?"

"ಬೇಡ. ನೀವು ಒಳ್ಳೆ ಟೀಚರೋ ಅಲ್ವೋ ಅನ್ನೋದು ಇಲಾಖೆ ತೀರ್ಮಾನ ಮಾಡೋ ವಿಷಯ. ಇಲಾಖೆ ಆ ತೀರ್ಮಾನಕ್ಕೆ ಬಂದ ದಾರಿ ಸರಿ ಇದೆಯಾ, ಅಷ್ಟನ್ನೇ ಕೋರ್ಟು ನೋಡೋದು. ನಿಮ್ಮ ಮೇಲೆ ಏನು ಆರೋಪ ಅಂತ ನಿಮಗೆ ಹೇಳಿದ್ರಾ, ನಿಮ್ಮ ಮಾತು ಕೇಳಿದ್ರಾ, ಯಾಕೆ ಅಂತ ಬರೆದ್ರಾ."

ಹಾಗಾದರೆ ಕೋರ್ಟು ಇರುವುದು ಯಾತಕ್ಕೆ ಎಂದು ಕೇಳಿದೆ. ಎದ್ದು ಹೊರಡುವವಳಿದ್ದೆ. ಅಷ್ಟರಲ್ಲಿ ಆದೇಶದ ಹಾಳೆ ನೋಡಿ ಅವನು ನಗಲು ಶುರುಮಾಡಿದ. ಕೆಂಪು ಗೀಚು ಕಂಡಿತಲ್ಲ, ನನಗೆ ನಾಚಿಕೆಯಾಗಿ ಕ್ಷಮೆ ಕೇಳಿದೆ, ನಮ್ಮವರದ್ದು ಹಾಳು ಅಭ್ಯಾಸ ಅಂದೆ.

"ಅಯ್ಯೋ ಮೇಡಂ, ನಮ್ಮ ಕೇಸೇ ಇದು" ಅಂದ. "ಮೇಲ್ಕಂಡ ಕಾರಣಗಳಿಗಾಗಿ ಅಂದಿದ್ದಾರೆ. ಮೇಲೆ ನೋಡಿ. ಏನಿದೆ? ನಿಮ್ಮ ವಿಳಾಸ! ಇಂಥ ಮನೇಲಿ ಇರ್ತೀರಿ ಅನ್ನೋ ಕಾರಣಕ್ಕೆ ಪರವಾನಗಿ ಹೋಯ್ತು ಅಂತ ಅರ್ಥ. ಸಾಹೇಬರು ಅದನ್ನ ನೀವು ಹೇಳದಿದ್ರೂ ನೋಡ್ಬೇಕಿತ್ತು."

ನೂರು ಸಲವಾದರೂ ಓದಿದ್ದೇನೆ ಆ ಹಾಳೆಯನ್ನು. ಪ್ರತಿ ಸಲವೂ ನನ್ನ ತಪ್ಪು ಹುಡುಕುತ್ತಿದ್ದೆನೇ ಹೊರತು ಅವರ ತಪ್ಪು ಹುಡುಕಲೇ ಇಲ್ಲ. ಮನೆಗೆ ಬಂದು ಇವರಿಗೆ ಎರಡು ಸಲ ಕಾಫಿ ಮಾಡಿಕೊಟ್ಟೆ. ಯಾಕೆ ಅಂತ ಕೇಳಿದರು. ಹೇಳಲಿಲ್ಲ.

ಮೇ 20, ಮಂಗಳವಾರ

ಕೋರ್ಟಿನಲ್ಲಿ ಮೊದಲ ದಿನ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬೆಂಚಿನ ಮೇಲೆ ಕೂತಿದ್ದು, ಒಳಗೆ ಎರಡೇ ನಿಮಿಷ. ಇಲಾಖೆಗೆ ನೋಟಿಸ್ ಕೊಟ್ಟರು. ಕೇಸು ಮುಗಿಯುವವರೆಗೆ ಪಾಠ ಹೇಳಲು ಬಿಡಿ ಎಂದು ಕೇಳಿದ್ದಕ್ಕೆ ನ್ಯಾಯಾಧೀಶರು, "ಇಲಾಖೆ ಏನು ಹೇಳುತ್ತೋ ಕೇಳೋಣ, ಆಮೇಲೆ" ಅಂದರು. ವಯಸ್ಸಾದ ಹೆಂಗಸು, ಸಣ್ಣ ಕೆಮ್ಮು, ಕನ್ನಡಕ ಹಣೆಯ ಮೇಲೆ.

ನನ್ನ ಮಾತು ಕೇಳದೆ ಇಲಾಖೆ ತೀರ್ಮಾನ ಮಾಡಿತು ಎನ್ನುವುದೇ ನಮ್ಮ ಗೋಳು. ಈಗ ಇಲಾಖೆಯ ಮಾತು ಕೇಳದೆ ಕೋರ್ಟು ತೀರ್ಮಾನ ಮಾಡುವುದಿಲ್ಲವಂತೆ. ಸರಿ ಅನ್ನಿಸಿತು, ಸಿಟ್ಟೂ ಬಂತು.

ಜೂನ್ 17, ಮಂಗಳವಾರ

ಮುಂದೂಡಿದರು. ಇಲಾಖೆಯ ವಕೀಲರಿಗೆ ಜ್ವರ.

ಜೂನ್ 19, ಗುರುವಾರ

ಪಕ್ಕದ ಮನೆಯ ಬೆಕ್ಕು ನನ್ನ ಕಾರಿನ ಬಾನೆಟ್ ಮೇಲೆ ಮರಿಗಳನ್ನು ಕರೆತಂದು ಮಲಗಿಸಿದೆ. ಇಷ್ಟು ದಿನದಿಂದ ಎಂಜಿನ್ ತಣ್ಣಗಿದೆ ಅಂತ ಅದಕ್ಕೂ ಗೊತ್ತಾಗಿದೆ.

ಒಬ್ಬ ಹೆಂಗಸು ಫೋನ್ ಮಾಡಿ ಪಾಠಕ್ಕೆ ಬರಲಾ ಎಂದು ಕೇಳಿದಳು. ಇಲ್ಲ ಅಂದು ಫೋನ್ ಇಡುವವಳಿದ್ದೆ, ಹಾಗೆ ಇಡಲು ಮನಸ್ಸಾಗದೆ ಪರವಾನಗಿ, ಕೋರ್ಟು, ಡ್ರಮ್ಮು, ಎಲ್ಲ ಹೇಳಿದೆ. ಹತ್ತು ನಿಮಿಷ ಕೇಳಿಸಿಕೊಂಡಳು. "ಹಾಗಾದ್ರೆ ನಾನು ಕಾಯ್ತೀನಿ ಮೇಡಂ" ಅಂದಳು. ವಿಚಿತ್ರ ಜನ.

ಜುಲೈ 8, ಮಂಗಳವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ಬೆಳಿಗ್ಗೆ ಕಾರಿನ ಬಾಗಿಲಿಗೆ ಮನೆಯ ಕೀ ಹಾಕಿದೆ. ಕಲಿಸುವುದು ರದ್ದಾಗಿದೆಯೇ ಹೊರತು ಓಡಿಸುವುದಲ್ಲ, ಆದರೂ ಇವತ್ತು ಓಡಿಸುವ ಧೈರ್ಯ ಬರಲಿಲ್ಲ. ಮಗಳು ರಜೆ ಹಾಕಿದ್ದಳು.

"ಅಮ್ಮ, ಕೀ ಕೊಡು."

"ಲೈಸೆನ್ಸ್ ಇಲ್ದೆ ಓಡಿಸ್ತೀಯಾ? ಅದೂ ಕೋರ್ಟಿಗೆ?"

ಪರ್ಸಿನಿಂದ ತೆಗೆದು ತೋರಿಸಿದಳು. ಎರಡು ವರ್ಷ ಹಳೆಯದು. ಎದುರು ರಸ್ತೆಯ ಸ್ಕೂಲಿನಲ್ಲಿ ಕಲಿತದ್ದಂತೆ! ನಾನು ಇವರ ಕಡೆ ತಿರುಗಿದೆ. ಇವರು ತಕ್ಷಣ ಬೆಕ್ಕಿನ ಮರಿಗಳನ್ನು ಎತ್ತಿಡಲು ಹೋದರು. ಗೊತ್ತಿತ್ತು ಅಂತ ಅರ್ಥ.

"ನನಗೊಂದು ಮಾತು ಹೇಳಬಾರದಾಗಿತ್ತಾ?" ಅಂದೆ.

"ನಿನ್ನ ಹತ್ರಾನೇ ಕಲೀತಾ ನಾಲ್ಕು ವರ್ಷ ಕೇಳಿದೆ, ಯಾಕೆ ಟೆಸ್ಟಿಗೆ ಕಳಿಸಲ್ಲ ಅಂತ. ಯಾಕೆ ಅಂತ ನೀನು ಹೇಳಿದ್ದಿದ್ರೆ, ಎಲ್ಲಿಗೆ ಹೋಗ್ತೀನಿ ಅಂತ ನಾನೂ ಹೇಳ್ತಿದ್ದೆ."

ಜಗಳಕ್ಕೆ ಹೊತ್ತಿರಲಿಲ್ಲ. ನನ್ನ ಸೀಟಿನಲ್ಲಿ ಕೂತೆ. ಕೋರ್ಟಿನವರೆಗೆ ಹದಿನಾಲ್ಕು ಸಿಗ್ನಲ್ಲು. ಬ್ರೇಕ್ ನನ್ನ ಕಾಲಡಿಗೇ ಇತ್ತು, ಒಂದು ಸಲವೂ ಒತ್ತಲಿಲ್ಲ. ಒತ್ತಬೇಕಾಗಿಯೇ ಬರಲಿಲ್ಲ. ಚೆನ್ನಾಗಿಯೇ ಓಡಿಸುತ್ತಾಳೆ. ಹಾಗಂತ ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಕೇಸು ಹನ್ನೆರಡಕ್ಕೆ ಬಂತು. ನಮ್ಮ ವಕೀಲರು ಎದ್ದು, ದೂರಿನ ಪ್ರತಿ ಕೊಟ್ಟಿಲ್ಲ, ಕರೆದು ಕೇಳಿಲ್ಲ, ಮೇಲ್ಮನವಿಗೂ ಕಾರಣ ಬರೆದಿಲ್ಲ ಎಂದು ಒಂದರ ಮೇಲೊಂದು ಹೇಳುತ್ತ ಹೋದರು. ಎಷ್ಟು ವೇಗ ಅಂದರೆ ನನ್ನ ಕಾಲು ತಾನಾಗಿ ಬ್ರೇಕ್ ಒತ್ತಿತು. ಮುಂದಿನ ಕುರ್ಚಿಯವರು ತಿರುಗಿ ನೋಡಿದರು, ಅವರ ಕುರ್ಚಿಗೆ ಒದ್ದಿದ್ದೆ.

ನ್ಯಾಯಾಧೀಶರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಈ ಕೆಂಪು ಗುರುತು ಯಾರದ್ದು?" ಅಂದರು.

"ಅರ್ಜಿದಾರರ ಪತಿಯವರದ್ದು, ಮಾನ್ಯರೇ. ಕರಡು ತಿದ್ದುವವರು. ಅಭ್ಯಾಸ ಬಲ. ಕ್ಷಮಿಸಬೇಕು."

ಹಿಂದೆ ಒಂದಿಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಹಾಳೆಯನ್ನು ಇಲಾಖೆಯ ವಕೀಲರ ಕಡೆ ತಿರುಗಿಸಿದರು. "ಪ್ರಶ್ನೆ ಸರಿಯಾಗಿದೆ. ಎಲ್ಲಿ?"

"ಕಾರಣಗಳು ಕಡತದಲ್ಲಿವೆ, ಮಾನ್ಯರೇ."

"ಕಡತ ಎಲ್ಲಿದೆ?"

"ಕಚೇರಿಯಲ್ಲಿ."

"ಹಾಳೆ ಮನೆಗೆ ಹೋಯ್ತು, ಕಾರಣ ಕಚೇರೀಲಿ ಉಳೀತು. ಈಯಮ್ಮ ಯಾವುದಕ್ಕೆ ಉತ್ತರ ಕೊಡಬೇಕಿತ್ತು?"

ಇಲಾಖೆಯ ವಕೀಲರು ಬೇಕಿದ್ದರೆ ಕಾರಣಗಳನ್ನು ಈಗ ಬರೆದುಕೊಡುತ್ತೇವೆ ಅಂದರು. "ಅವತ್ತು ಹೇಳದ ಕಾರಣಾನ ಇವತ್ತು ತಂದು ಆದೇಶದ ಮೇಲೆ ಅಂಟಿಸೋಕಾಗಲ್ಲ" ಅಂದರು ನ್ಯಾಯಾಧೀಶರು. ಆಮೇಲೆ ನಮ್ಮ ಕಡೆ ತಿರುಗಿದರು. "ಇವರು ಒಳ್ಳೆ ಶಿಕ್ಷಕಿ ಅಂತ ನಾನು ಹೇಳಬೇಕು ಅನ್ನೋದು ನಿಮ್ಮ ಕೋರಿಕೆಯಾ?"

ಹೌದು ಅನ್ನು, ಹೌದು ಅನ್ನು ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ನಮ್ಮ ವಕೀಲರು "ಇಲ್ಲ ಮಾನ್ಯರೇ, ಆ ಕೆಲಸ ಇಲಾಖೆಯದ್ದೇ. ಸರಿಯಾಗಿ ಮಾಡಲಿ ಅನ್ನೋದಷ್ಟೇ" ಅಂದರು. ಮುಂದಿನ ಕುರ್ಚಿಗೆ ಇನ್ನೊಂದು ಒದೆ ಬಿತ್ತು.

ತೀರ್ಪು ಇಪ್ಪತ್ತೆಂಟಕ್ಕೆ.

ಜುಲೈ 28, ಸೋಮವಾರ

ಗೆದ್ದೆವು! ಎರಡೂ ಆದೇಶ ರದ್ದು. ಒಂದು ವಾರದಲ್ಲಿ ದೂರಿನ ಪ್ರತಿ ಕೊಡಬೇಕು, ನನ್ನನ್ನೂ ದೂರು ಕೊಟ್ಟವರನ್ನೂ ಕೂರಿಸಿ ಕೇಳಬೇಕು, ಆರು ವಾರದಲ್ಲಿ ಕಾರಣ ಬರೆದು ಹೊಸ ಆದೇಶ ಮಾಡಬೇಕು. ಅಲ್ಲಿಯವರೆಗೆ ಹಳೆಯ ಪರವಾನಗಿ ನಡೆಯುತ್ತದೆ.

ಹೊರಗೆ ಬಂದಮೇಲೆ ತಲೆಗೆ ಹತ್ತಿತು: ಹೊಸ ಆದೇಶವನ್ನೂ ಮಾಡುವುದು ಅದೇ ಕಚೇರಿ. ಮತ್ತೆ ರದ್ದು ಮಾಡಬಹುದು. ವಕೀಲರನ್ನು ಹಿಡಿದು ಕೇಳಿದೆ, ಇದೆಂಥ ಗೆಲುವು, ಜಡ್ಜೇ ಒಂದು ಸಾಲು ಬರೆದು ಮುಗಿಸಬಾರದಾಗಿತ್ತಾ ಎಂದು. ಅವರು ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ನನಗೇ ಹೊಳೆಯಿತು.

"ಅವರ ಕಾಲಡಿಗೆ ಬ್ರೇಕ್ ಇದೆ. ಕೈಗೆ ಸ್ಟೀರಿಂಗ್ ಇಲ್ಲ" ಅಂದೆ.

ವಕೀಲರು ರಸ್ತೆಯಲ್ಲೇ ನಿಂತು ನನ್ನನ್ನು ನೋಡಿದರು. "ಮೇಡಂ, ಕಾಲೇಜಲ್ಲಿ ಇದನ್ನ ನಮಗೆ ಒಂದು ವರ್ಷ ಹೇಳಿಕೊಟ್ರು" ಅಂದರು. ಕಾರಿನ ಪಕ್ಕದ ಸೀಟಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ಇದು ಗೊತ್ತಿರದೆ ಇರುತ್ತದೆಯೇ? ಸ್ಟೀರಿಂಗಿಗೆ ಕೈ ಹಾಕಿದರೆ ಕಲಿಯುವವರು ಯಾವತ್ತೂ ಕಲಿಯುವುದಿಲ್ಲ.

ಮಗಳೇ ಓಡಿಸಿಕೊಂಡು ಬಂದಳು. ಮನೆ ಹತ್ತಿರ ಬಂದಾಗ ಹೇಳಿದೆ, ನನ್ನ ಹತ್ತಿರ ಕಲಿಯುವ ದಿನಗಳಲ್ಲಿ ನೀನು ಗೇರ್ ಹಾಕುವಾಗಲೆಲ್ಲ ಕೆಳಗೆ ನೋಡುತ್ತಿದ್ದೆ, ಈಗ ನೋಡುವುದಿಲ್ಲ ಅಂತ. ಅವಳು ಕಾರು ನಿಲ್ಲಿಸಿ, ಇಳಿಯದೆ ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಸುಸ್ತಾಗಿರಬೇಕು, ನಿನ್ನೆಯೆಲ್ಲ ಡ್ಯೂಟಿ ಇತ್ತು.

ಆಗಸ್ಟ್ 4, ಸೋಮವಾರ

ದೂರಿನ ಪ್ರತಿ ಬಂತು. ಕೈ ಬರಹ, ಮುದ್ದಾದ ಅಕ್ಷರ. ಲೈಬ್ರರಿಯ ಹೆಂಗಸು!

"ಇವರ ಬಳಿ ಮೂವತ್ತೊಂದು ಪಾಠ ಕಲಿತಿದ್ದೇನೆ. ಪರೀಕ್ಷೆಗೆ ಕಳಿಸಿ ಎಂದು ಕೇಳಿದಾಗಲೆಲ್ಲ ಇನ್ನೂ ಇಲ್ಲ ಎನ್ನುತ್ತಾರೆ. ಯಾಕೆ ಎಂದರೆ ನಂಗೊತ್ತು, ಅಷ್ಟೆ ಎನ್ನುತ್ತಾರೆ. ನನ್ನನ್ನು ಪಾಸು ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಕಾರಣ ಹೇಳಲು ಅವರಿಗೆ ಹೇಳಿ."

ಅಷ್ಟೇ ಇದ್ದದ್ದು. ಇಷ್ಟಕ್ಕೆ ನನ್ನ ಹೊಟ್ಟೆಯ ಮೇಲೆ ಹೊಡೆದಳಾ? ತಯಾರಿಲ್ಲದವಳನ್ನು ರಸ್ತೆಗೆ ಬಿಟ್ಟು, ನಾಳೆ ಅವಳಿಗೇನಾದರೂ ಆಗಿದ್ದರೆ ಯಾರು ಹೊಣೆ? ಅವಳ ಜೀವ ಉಳಿಸಿದ್ದಕ್ಕೆ ಇದು ಬಹುಮಾನ. ಕಚೇರಿಯವರಾದರೂ ಇಷ್ಟನ್ನು ಓದಿ ನನ್ನನ್ನು ಕರೆದು ಒಂದು ಮಾತು ಹೇಳುವುದು ಬಿಟ್ಟು ಪರವಾನಗಿಯನ್ನೇ ಕಿತ್ತುಕೊಂಡರಲ್ಲ. ಎಲ್ಲರೂ ಸೇರಿ ನನ್ನನ್ನು... ಬರೆಯಲಾರೆ.

ಇವರಿಗೆ ಓದಲು ಕೊಟ್ಟೆ. ಪೆನ್ಸಿಲ್ ತೆಗೆದರು, ಒಂದು ಕಡೆಯೂ ಗುರುತು ಹಾಕದೆ ಹಿಂದಕ್ಕೆ ಕೊಟ್ಟರು. "ತಪ್ಪಿಲ್ಲ" ಅಂದರು. ಕಾಗುಣಿತದ ಮಾತೇ ಇರಬೇಕು.

ಆಗಸ್ಟ್ 5, ಮಂಗಳವಾರ

ಪಾಠದ ಪುಸ್ತಕ ತೆಗೆದು ನೋಡಿದೆ. ಮೂವತ್ತೊಂದಲ್ಲ. ಮೂವತ್ಮೂರು.

ಆಗಸ್ಟ್ 19, ಮಂಗಳವಾರ

ಪರವಾನಗಿ ಕಚೇರಿಯಲ್ಲಿ ವಿಚಾರಣೆ. ಹೊಸ ಅಧಿಕಾರಿ, ಹಳಬರಿಗೆ ವರ್ಗವಾಗಿದೆ. ಉದ್ದನೆಯ ಮೇಜು, ತಿರುಗದ ಫ್ಯಾನು. ಮೇಜಿನ ಆ ಬದಿಗೆ ಲೈಬ್ರರಿಯ ಹೆಂಗಸು ಕೈಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ನನ್ನನ್ನು ಕಂಡು ಅಭ್ಯಾಸದಂತೆ ಎದ್ದು ನಿಂತಳು, ಆಮೇಲೆ ಎದ್ದದ್ದಕ್ಕೆ ನಾಚಿ ಕೂತಳು.

ಅಧಿಕಾರಿ ಕೇಳಿದರು, "ಇವರನ್ನ ಯಾಕೆ ಪರೀಕ್ಷೆಗೆ ಕಳಿಸಲಿಲ್ಲ?"

ವಕೀಲರು ಮಾತಾಡುವವರಿದ್ದರು. ನಾನೇ ಹೇಳುತ್ತೇನೆ ಎಂದು ಕೈ ಅಡ್ಡ ಹಿಡಿದೆ.

"ಸರ್, ಇವರು ಅಡ್ಡರಸ್ತೆಗೆ ತಿರುಗುವಾಗ ಕನ್ನಡಿ ನೋಡಲ್ಲ, ರಸ್ತೆ ನೋಡಲ್ಲ, ನನ್ನ ಮುಖ ನೋಡ್ತಾರೆ. ಪ್ರತಿ ಸಲ. ನಾಳೆ ಒಬ್ಬರೇ ಹೋಗುವಾಗ ಪಕ್ಕದಲ್ಲಿ ನನ್ನ ಮುಖ ಇರಲ್ಲ. ಆಗ ಏನು ನೋಡ್ತಾರೆ? ಅದಕ್ಕೇ ಕಳಿಸಲಿಲ್ಲ."

ಹೇಳಿ ಮುಗಿಸಿದಾಗ ಹೆಮ್ಮೆ ಅನ್ನಿಸಿತು. ಇದಕ್ಕಿಂತ ಗಟ್ಟಿ ಕಾರಣ ಬೇಕೇ? ಅಧಿಕಾರಿ ಅವಳ ಕಡೆ ತಿರುಗಿ, ನೀವೇನು ಹೇಳುತ್ತೀರಿ ಅಂದರು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದೇ ಇವತ್ತು.

"ನಿಜ ಸರ್. ನಾನು ಮೇಡಂ ಮುಖಾನೇ ನೋಡ್ತಿದ್ದೆ. ಮೇಡಂ ಬಾಯಿ ಬಿಟ್ಟು ಏನೂ ಹೇಳ್ತಿರಲಿಲ್ಲವಲ್ಲ. ಹುಬ್ಬು ಗಂಟಾದ್ರೆ ತಪ್ಪು, ಇಲ್ಲದಿದ್ರೆ ಸರಿ. ಇನ್ನೆಲ್ಲಿ ನೋಡ್ಲಿ?"

ನನ್ನ ಕಾಲು ಮೇಜಿನ ಕೆಳಗೆ ಬ್ರೇಕ್ ಹುಡುಕಿತು. ಮೂವತ್ಮೂರು ಪಾಠ ನಾನು ಯಾವ ತಪ್ಪಿಗೆ ಅವಳನ್ನು ತಡೆದು ನಿಲ್ಲಿಸಿದೆನೋ, ಆ ತಪ್ಪನ್ನು ಕಲಿಸಿದವಳು ನಾನೇ.

ಅಧಿಕಾರಿ ಮತ್ತೆ ಕೇಳಿದರು, ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು. ನಾಲಿಗೆಯ ತುದಿಗೆ ಹಳೆಯ ಮಾತೇ ಬಂತು. ನುಂಗಿಕೊಂಡೆ. "ಹೇಳಬೇಕಿತ್ತು ಸರ್. ಅದಕ್ಕೆ ಕಾರಣ ಇಲ್ಲ" ಅಂದೆ. ವಕೀಲರು ಹಣೆ ಉಜ್ಜಿಕೊಂಡರು, ಒಪ್ಪಿಕೊಳ್ಳಬಾರದಾಗಿತ್ತೋ ಏನೋ. ಆಗಿದ್ದಾಗಲಿ.

ಮೆಟ್ಟಿಲ ಹತ್ತಿರ ಅವಳು ಸಿಕ್ಕಳು. ಪರವಾನಗಿ ರದ್ದಾಗುತ್ತದೆ ಅಂತ ಗೊತ್ತಿರಲಿಲ್ಲ ಮೇಡಂ, ನಾನು ಅಷ್ಟು ಕೇಳಿರಲಿಲ್ಲ ಅಂದಳು, ಕಣ್ಣಲ್ಲಿ ನೀರು. ಗೊತ್ತು ಅಂದೆ. ನಿಮ್ಮ ಕಾಗದ ಓದಿದ್ದೇನೆ, ಅಕ್ಷರ ಚೆನ್ನಾಗಿದೆ ಅಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಲಿಫ್ಟು ಬಂತು.

ಸೆಪ್ಟೆಂಬರ್ 1, ಸೋಮವಾರ

ಆದೇಶ ಬಂತು. ಕವರು ಒಡೆಯಲು ಕೈ ಬರಲಿಲ್ಲ, ಇವರಿಗೆ ಕೊಟ್ಟೆ. ಮೂರು ಪುಟ. ಇವರು ಕೂತು, ಕನ್ನಡಕ ಒರೆಸಿ, ಒಂದೊಂದು ಸಾಲಿನ ಕೆಳಗೂ ಪೆನ್ಸಿಲ್ ಓಡಿಸುತ್ತ ಓದಿದರು. ಕೊನೆಗೇನಿದೆ ಹೇಳಿ ಎಂದು ನಾನು ಕೂಗಿದರೆ, "ಮೇಲಿಂದ ಓದ್ಬೇಕು ಕಣೇ" ಅಂದರು. ಪ್ರಾಣ ಹಿಂಡಿಬಿಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಅಪಘಾತವೂ ಇಲ್ಲ ಎಂದು ಬರೆದಿದ್ದಾರೆ. ಪರೀಕ್ಷೆಗೆ ಕಳಿಸದೆ ಇದ್ದದ್ದಕ್ಕೆ ಕಾರಣ ಇತ್ತು ಎಂದು ಬರೆದಿದ್ದಾರೆ. ಆ ಕಾರಣವನ್ನು ಕಲಿಯುವವರಿಗೆ ಹೇಳದೆ ಇದ್ದದ್ದು ಬೋಧನೆಯಲ್ಲಿನ ಲೋಪ, ಅದನ್ನು ಶಿಕ್ಷಕಿ ತಾವಾಗಿ ಒಪ್ಪಿದ್ದಾರೆ ಎಂದೂ ಬರೆದಿದ್ದಾರೆ. ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಮೂರನೇ ಪುಟದಲ್ಲಿ: "ಮೇಲ್ಕಂಡ ಕಾರಣಗಳಿಗಾಗಿ ಪರವಾನಗಿಯನ್ನು ಮುಂದುವರಿಸಲಾಗಿದೆ." ಒಂದೇ ಷರತ್ತು, ಯಾರನ್ನಾದರೂ ಪರೀಕ್ಷೆಗೆ ಕಳಿಸುವುದಾಗಲಿ ತಡೆಯುವುದಾಗಲಿ ಮಾಡಿದರೆ ಕಾರಣವನ್ನು ಬರೆದುಕೊಡಬೇಕು.

ಮಗಳು ನನ್ನನ್ನು ತಬ್ಬಿಕೊಂಡು ಕುಣಿದಳು. ಇವರು ಒಂದು ಅಲ್ಪವಿರಾಮ ತಪ್ಪು ಹುಡುಕಿ ಸಂತೋಷಪಟ್ಟರು. ನಾನು ಮನಸಾರೆ ಅತ್ತೆ, ಈ ಸಲ ನಲ್ಲಿ ತಿರುಗಿಸದೆ.

ಸೆಪ್ಟೆಂಬರ್ 2, ಮಂಗಳವಾರ

ಲೈಬ್ರರಿಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತು, ಅವತ್ತು ಮೆಟ್ಟಿಲ ಹತ್ತಿರ ಅವರಿಗೆ ಹೇಳದೆ ಉಳಿದಿದ್ದನ್ನೆಲ್ಲ ಹೇಳಿದೆ. ಸೋಮವಾರದಿಂದ ಪಾಠಕ್ಕೆ ಬರುತ್ತಾರಂತೆ.

ಸೆಪ್ಟೆಂಬರ್ 26, ಶುಕ್ರವಾರ

ಜೂನಿನಲ್ಲಿ ಫೋನ್ ಮಾಡಿ ಕಾಯುತ್ತೇನೆ ಅಂದಿದ್ದ ಹೆಂಗಸು ನಿಜಕ್ಕೂ ಕಾದಿದ್ದಳು, ಅವಳದ್ದು ಇವತ್ತು ನಾಲ್ಕನೇ ಪಾಠ. ಗಂಟಲು ಒಣಗುತ್ತದೆ. ಮೊದಲೆಲ್ಲ ಪಾಠ ಹೇಳಿದರೆ ಕಾಲು ನೋಯುತ್ತಿತ್ತು, ಈಗ ಬಾಯಿ ನೋಯುತ್ತದೆ. ವಯಸ್ಸಾಯಿತು ನೋಡು.

ಲೈಬ್ರರಿಯವರನ್ನು ಇವತ್ತು ಊರಿನ ಎಲ್ಲ ಅಡ್ಡರಸ್ತೆಗಳಿಗೂ ತಿರುಗಿಸಿದೆ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು, ಅವರನ್ನು ಓರೆಗಣ್ಣಲ್ಲಿ ಗಮನಿಸುತ್ತ ಕೂತಿದ್ದೆ, ಬಾಯಲ್ಲಿ ಮಾತ್ರ ಹೇಳುತ್ತಿದ್ದೆ. ಕೊನೆಯ ಏಳು ತಿರುವಿಗೆ ಹೇಳುವುದನ್ನೂ ಬಿಟ್ಟೆ. ಅವರು ಗಮನಿಸಲೇ ಇಲ್ಲ.

ಸಂಜೆ ಅವರಿಗೆ ಕೊಡಬೇಕಾದ ಚೀಟಿ ಬರೆದು ಇವರ ಮುಂದೆ ಇಟ್ಟೆ.

"ಇವತ್ತು ಇಪ್ಪತ್ತಾರು ಸಲ ತಿರುಗಿದಿರಿ. ಇಪ್ಪತ್ತಾರು ಸಲವೂ ಮೊದಲು ಕನ್ನಡಿ, ಆಮೇಲೆ ರಸ್ತೆ ನೋಡಿದಿರಿ. ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ನಾನು ಬ್ರೇಕ್ ಒತ್ತಲಿಲ್ಲ. ಮೇಲ್ಕಂಡ ಕಾರಣಗಳಿಗಾಗಿ ನಿಮ್ಮನ್ನು ಪರೀಕ್ಷೆಗೆ ಕಳಿಸುತ್ತಿದ್ದೇನೆ."

ಇವರು ಕಿವಿ ಮೇಲಿನ ಪೆನ್ಸಿಲ್ ತೆಗೆದು, ಕೊನೆಯ ಸಾಲಿನ 'ಮೇಲ್ಕಂಡ' ಅನ್ನುವಲ್ಲಿ ನಿಂತು, ನಿಧಾನವಾಗಿ ಮೇಲಿನ ಸಾಲುಗಳನ್ನು ನೋಡಿದರು. ಮತ್ತೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಚೀಟಿ ಹಿಂದಕ್ಕೆ ಕೊಟ್ಟರು.

"ಇದೆ" ಅಂದರು.